ಹಾವು ಯಾರೆದುರೂ ಉಣ್ಣದಂತಾದದ್ದು

ನಮ್ಮದು ಹಗೇವಿನ ಮನೆತನ. ಹಗೇವು ಎಂದರೆ ನೆಲದೊಳಗೆ ತೋಡಿದ, ಬಾಯಿ ಚಿಕ್ಕದಾದ, ಹೊಟ್ಟೆ ದೊಡ್ಡದಾದ, ಜೋಳ ತುಂಬಿಡುವ ಕುಳಿ. ಈ ಸೀಮೆಯಲ್ಲಿ ಮೊದಲ ಹಗೇವು ತೋಡಿದವರು ನಮ್ಮವರು. ನಮ್ಮ ಜಗುಲಿಯಿಂದ ಹಸಿದು ಎದ್ದು ಹೋದ ದಾರಿಹೋಕನಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಹಸಿದು ಮಲಗಿದ ಕರುವಿಲ್ಲ. ಒಂದೇ ಒಂದು ವರ್ಷವನ್ನು ಬಿಟ್ಟು ಇದು ನಿಜ. ಆ ವರ್ಷದ ಕಥೆಯನ್ನೇ ಈಗ ಹೇಳುತ್ತೇನೆ.

ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿದವಳು. ಕಥೆಗೆ ಬಣ್ಣ ಬಳಿಯುವುದು ನನಗೆ ಒಗ್ಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ವಿಭಾ, ಬೆನ್ನು ನೆಟ್ಟಗಿರಲಿ. ಅಮೋಘ, ಉಗುರು ಕಚ್ಚುವುದನ್ನು ನಿಲ್ಲಿಸು.

ಲೋಕ ಇನ್ನೂ ಹಸಿ ಮಡಕೆಯ ಹಾಗಿದ್ದ ಕಾಲ. ಬೆರಳಿಟ್ಟಲ್ಲೆಲ್ಲ ಗುರುತು ಬೀಳುತ್ತಿತ್ತು. ಹೊಳೆಗೆ ಇನ್ನೂ ದಂಡೆ ಗಟ್ಟಿಯಾಗಿರಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸಬೇಕೆಂದು ಎಲ್ಲರನ್ನೂ ಕೇಳಿಕೊಂಡು ಬೀಸುತ್ತಿತ್ತು. ಹಾವಿಗೆ ಆಗ ಮಾತು ಬರುತ್ತಿತ್ತು. ಹಾವಿಗೆ ಆಗ ಕಣ್ಣರೆಪ್ಪೆಗಳೂ ಇದ್ದವು. ರಾತ್ರಿ ಅದು ನಿಮ್ಮ ಹಾಗೆಯೇ ಕಣ್ಣು ಮುಚ್ಚಿ ಮಲಗುತ್ತಿತ್ತು.

ಆ ಕಾಲದಲ್ಲಿ ನಮ್ಮ ಮನೆಯ ಯಜಮಾನಿ ಹಂಪವ್ವ. ಹೊಲ ಉಳುವಾಗ ನೇಗಿಲಿಗೆ ಸಿಕ್ಕ ಒಂದು ಮೊಟ್ಟೆಯನ್ನು ಅವಳು ಹೊಟ್ಟು ತುಂಬಿದ ಬುಟ್ಟಿಯಲ್ಲಿ ಇಟ್ಟು ಕಾಪಾಡಿದಳು. ಮೊಟ್ಟೆಯೊಡೆದು ಕೇರೆಹಾವಿನ ಮರಿ ಬಂತು. ಅದು ಮನೆಯಲ್ಲೇ ಬೆಳೆಯಿತು. ಹಗೇವಿನ ಬಾಯಿಯ ಸುತ್ತ ಸುತ್ತಿಕೊಂಡು ಮಲಗುತ್ತಿತ್ತು. ಅದು ಮಲಗಿದ್ದ ಕಡೆ ಇಲಿ ಸುಳಿಯುತ್ತಿರಲಿಲ್ಲ, ಹೆಗ್ಗಣ ಸುಳಿಯುತ್ತಿರಲಿಲ್ಲ. ಜೋಳ ಜೋಳವಾಗಿಯೇ ಉಳಿಯುತ್ತಿತ್ತು.

ಹಂಪವ್ವನ ಮನೆಯಲ್ಲಿ ಊಟಕ್ಕೊಂದು ಕಟ್ಟಳೆಯಿತ್ತು. ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು. ಎಲ್ಲರೂ ಒಟ್ಟಿಗೆ ತುತ್ತು ಎತ್ತಬೇಕು. ಸಾಲಿನಲ್ಲಿ ಒಬ್ಬರು ತುತ್ತು ಎತ್ತದಿದ್ದರೆ ಉಳಿದವರೂ ಎತ್ತುವಂತಿಲ್ಲ. ಸಾಲಿನ ತಲೆಗೆ ಅವಳ ಅತ್ತೆ, ಆಮೇಲೆ ಗಂಡ, ಮೈದುನ, ಆಮೇಲೆ ಪುಟ್ಟ ಮಗಳು ತುಂಗಿ, ಕೊನೆಗೆ ಹಾವು. ಹಾವಿಗೆಂದು ಹಂಪವ್ವ ತಾನೇ ಒನಕೆಯಿಂದ ಕೊಂದ ಇಲಿಯನ್ನು, ಮೈ ಇನ್ನೂ ಬೆಚ್ಚಗಿರುವಾಗಲೇ ಎಲೆಯ ಮೇಲೆ ಇಡುತ್ತಿದ್ದಳು. ಹಾವು ನುಂಗುತ್ತಿತ್ತು. ಎಲ್ಲರೂ ಉಣ್ಣುತ್ತಿದ್ದರು. ಊರೆಲ್ಲ ಈ ಮನೆಯನ್ನು ಹೊಗಳುತ್ತಿತ್ತು.

ಒಂದು ದಿನ ಹಾವು ಎಲೆಯ ಮುಂದೆ ಸುಮ್ಮನೆ ಕುಳಿತಿತು.

"ಯಾಕ? ಉಣ್ಣು," ಎಂದಳು ಹಂಪವ್ವ.

"ಒಲ್ಲೆ, ಯವ್ವಾ."

"ಒಲ್ಲೆ? ಇಲಿಗೆ ಉಪ್ಪು ಕಡಿಮಿ ಆತೇನು?" ಎಂದು ಮೈದುನ ನಕ್ಕ.

ಹಾವು ನಗಲಿಲ್ಲ. ಅದರ ಮೈ ಬೂದಿ ಬಳಿದಂತೆ ಮಂಕಾಗಿತ್ತು. ಕಣ್ಣುಗಳ ಮೇಲೆ ಹಾಲಿನ ಕೆನೆ ಕಟ್ಟಿದಂತಿತ್ತು. "ಕಣ್ಣಾಗ ಹೊಗಿ ತುಂಬಿದಂಗ ಆಗೈತಿ. ಮೈ ಬಿಗಿಯಾಕತ್ತೈತಿ. ಒಳಗ ಇನ್ನೊಂದು ಚರ್ಮ ಬರಾಕತ್ತೈತಿ ಯವ್ವಾ. ನನ್ನ ಒಂದಿಷ್ಟು ಕತ್ತಲಾಗ ಬಿಟ್ಟುಬಿಡು," ಎಂದಿತು.

ಹಾವು ಪೊರೆ ಬಿಡುವುದನ್ನು ಲೋಕ ಇನ್ನೂ ಕಂಡಿರಲಿಲ್ಲ. ಇದೇ ಮೊದಲು. ಆದರೂ ಹಾವು ತನಗೆ ತಿಳಿದಷ್ಟನ್ನು ಬಾಯಿಬಿಟ್ಟು ಹೇಳಿತ್ತು. ಹಂಪವ್ವ ಕೇಳಿಸಿಕೊಳ್ಳಲಿಲ್ಲ.

"ನನ್ನ ಮನ್ಯಾಗ ಎಲಿ ಮುಂದ ಕುಂತು ಒಲ್ಲೆ ಅಂದವರಿಲ್ಲ," ಎಂದಳು.

ಅಂದು ಯಾರೂ ಉಣ್ಣಲಿಲ್ಲ.

ಮರುದಿನ ಅವಳು ಕೊಬ್ಬಿದ ಇಲಿಯನ್ನು ತಂದಳು. ಹಾವು ಒಲ್ಲೆ ಎಂದಿತು. ಎಳೆಯ ಇಲಿಯನ್ನು ತಂದಳು. ಹಾವು ಒಲ್ಲೆ ಎಂದಿತು. ಕೆರೆಯ ಕಪ್ಪೆಯನ್ನು ತಂದಳು, ಪುರಲೆಹಕ್ಕಿಯ ಮೊಟ್ಟೆಯನ್ನು ತಂದಳು. ಹಾವು ಒಲ್ಲೆ ಎಂದಿತು. ಅದನ್ನು ಎತ್ತಿ ಎತ್ತಿ ನಡುಮನೆಗೆ ತಂದು ಕೂರಿಸಿದಳು. ಬಾಯಿಗೆ ಒತ್ತಿ ಹಿಡಿದಳು. ಎಲ್ಲರೂ ಸುತ್ತ ಕುಳಿತು ಅದರ ಬಾಯನ್ನೇ ನೋಡಿದರು. ಎಷ್ಟು ಕಣ್ಣುಗಳು ನೋಡಿದವೋ ಅಷ್ಟೂ ಹಾವು ಮುದುಡಿಕೊಂಡಿತು.

ಮನೆಯವರಿಗೆ ನೀರು ಕುಡಿಯಲು ಮಾತ್ರ ಅಪ್ಪಣೆಯಿತ್ತು. ಒಲೆಯ ಮೇಲೆ ಅಂಬಲಿ ಕುದಿಯಿತು, ಆರಿತು, ಹುಳಿಯಿತು.

ನೀರು ತರಲು ಹೋದಾಗ ಹೊಳೆ ಹೇಳಿತು: "ಹಂಪವ್ವಾ, ನಾನೂ ಬ್ಯಾಸಗ್ಯಾಗ ಹರಿಯಂಗಿಲ್ಲ. ಅದಕ್ಕ ಯಾರೂ ನನ್ನ ಜಗ್ಗಾಡಂಗಿಲ್ಲ. ಹಸಿ ಬಟ್ಟಿ ಹಾಸಿದ ಗಡಿಗ್ಯಾಗ ಅದನ್ನ ಬಿಡು. ಹಸಿದಾಗ ತಾನ ಬರತೈತಿ."

"ಹೊಳಿಯವ್ವಾ, ನೀ ಹರಿ. ಮನಿ ನಡಸೂದು ನನಗ ಗೊತ್ತೈತಿ," ಎಂದಳು ಹಂಪವ್ವ.

ದಾರಿಯಲ್ಲಿ ಗಾಳಿ ಹೇಳಿತು: "ನಿನ್ನ ಮನಿ ಹೊಗಿ ಮ್ಯಾಲ ಏಳೂದ ನಿಂತೈತಲ್ಲ. ಹಾವೊಂದು ಬಿಟ್ಟರ ಏನಾತು? ಉಳದವರಿಗೆ ಉಣಸು."

"ಕಟ್ಟಳಿ ಮುರಿದ ಮನಿ ಅನ್ನಿಸ್ಕೊಳ್ಳಲೇನು?" ಎಂದಳು ಹಂಪವ್ವ. ಗಾಳಿ ಬೇರೆ ಬೀದಿಗೆ ಹೋಯಿತು.

ಬಾವಿಯ ಹತ್ತಿರ ಹೆಂಗಸರು ಸೆರಗಿನಲ್ಲಿ ನಗುತ್ತಿದ್ದರು. "ಏನ್ ಹಂಪವ್ವ, ನಿನ್ನ ಅಡಗಿ ಹಾವಿಗೂ ಸೇರವಲ್ದಂತ!" ಎಂದಳು ಒಬ್ಬಳು. ಆ ಮಾತು ಅವಳ ಎದೆಗೆ ಚುಚ್ಚಿತು. ಹಸಿವಿಗಿಂತ ಹೆಚ್ಚಾಗಿ ಅದೇ ಚುಚ್ಚಿತು.

ಮನೆಗೆ ಬಂದಾಗ ತುಂಗಿ ಗೋಡೆಗೆ ಒರಗಿ ಕುಳಿತಿದ್ದಳು. ತುಟಿ ಬಿಳಿಚಿತ್ತು.

"ಯವ್ವಾ, ಹಾವಿಗೆ ಹಸಿವಿಲ್ಲ," ಎಂದಳು. "ನನಗೈತಿ."

ಹಂಪವ್ವ ನೀರಿನ ಕೊಡ ಇಳಿಸಿ ಒಲೆಯ ಕಡೆ ನೋಡಿದಳು. ಆಗಲಾದರೂ ಅವಳು ಮಗಳಿಗೆ ಒಂದು ಬಟ್ಟಲು ಅಂಬಲಿ ಕೊಡಬಹುದಿತ್ತು. ಕೊಡಲಿಲ್ಲ. ಹಾವಿಗೆ ಉಣಿಸಿಯೇ ತೀರುತ್ತೇನೆ ಎಂದುಕೊಂಡಳು. ಸತ್ತದ್ದನ್ನು ಕೊಟ್ಟು ಕೊಟ್ಟು ಇದಕ್ಕೆ ಬೇಸರ ಬಂದಿದೆ, ಓಡಾಡುವುದನ್ನು ಕಂಡರೆ ತಾನೇ ಬಾಯಿ ಹಾಕುತ್ತದೆ ಎಂದು ಲೆಕ್ಕ ಹಾಕಿದಳು.

ಹಿತ್ತಲಿನ ಬಲೆಯಲ್ಲಿ ಒಂದು ಹೆಗ್ಗಣ ಸಿಕ್ಕಿತ್ತು. ಅದನ್ನು ಜೀವಂತವಾಗಿಯೇ ಹಿಡಿದು ತಂದಳು.

"ಬಿಡು ತಾಯಿ. ನನಗೂ ಹೊಟ್ಟಿ ಹಸದೈತಿ," ಎಂದಿತು ಹೆಗ್ಗಣ.

"ನಿನ್ನ ಹೊಟ್ಟಿ ಕಟಗೊಂಡು ನನಗೇನು?" ಎಂದಳು ಹಂಪವ್ವ. ಹಾವು ಹಗೇವಿನ ಬಾಯಿ ಬಿಟ್ಟು, ತಾನು ಹುಟ್ಟಿದ ಹಳೆಯ ಬುಟ್ಟಿಯಲ್ಲಿ ಮಲಗಿತ್ತು; ಅದರೊಳಗೆ ಹೆಗ್ಗಣವನ್ನು ಹಾಕಿದಳು. ಮುಚ್ಚಳ ಮುಚ್ಚಿದಳು. ಮುಚ್ಚಳದ ಮೇಲೆ ಬೀಸುವ ಕಲ್ಲನ್ನು ಇಟ್ಟಳು. ಎಲ್ಲರನ್ನೂ ಸಾಲಿಗೆ ಕರೆದಳು, ಎಲೆ ಹಾಕಿದಳು, ಬಡಿಸಿದಳು.

ಎಲ್ಲರೂ ಕೈ ಕಟ್ಟಿ ಕಿವಿಗೊಟ್ಟರು.

ಬುಟ್ಟಿಯೊಳಗೆ ಏನೋ ಸರಿದಾಡಿತು. ಏನೋ ಬಡಿಯಿತು. ಆಮೇಲೆ ಅಗಿಯುವ ಸದ್ದು ಕೇಳಿಸಿತು. ಹಂಪವ್ವನ ಮುಖ ಅರಳಿತು.

"ಉಣ್ಣಾಕತ್ತೈತಿ! ಉಣ್ಣಾಕತ್ತೈತಿ! ನೀವೂ ಉಣ್ರಿ!"

ಎಲ್ಲರೂ ಒಟ್ಟಿಗೆ ತುತ್ತು ಎತ್ತಿದರು. ಉಸಿರು ಬಿಡದೆ ಉಂಡರು. ತುಂಗಿ ಮಾತ್ರ ಕೈಯಲ್ಲಿ ತುತ್ತು ಹಿಡಿದು ಹೇಳಿದಳು: "ಯವ್ವಾ, ಹಾವು ನುಂಗತೈತಿ. ಅಗಿಯಾಕ ಅದಕ್ಕ ಬರಂಗಿಲ್ಲ."

ಯಾರೂ ತಲೆ ಎತ್ತಲಿಲ್ಲ.

ಊಟ ಮುಗಿದ ಮೇಲೆ ಕಲ್ಲು ತೆಗೆದರು. ಹೆಗ್ಗಣ ಮೊದಲು ಹೊರಗೆ ಹಾರಿತು. ಅದರ ಮೀಸೆ ಕೆಂಪಾಗಿತ್ತು. ಯಾರಿಗೂ ಸಿಗದೆ ಅದು ಸೀದಾ ಹಗೇವಿನೊಳಗೆ ಇಳಿಯಿತು. ಕಾಯುವವರು ಅಲ್ಲಿ ಯಾರೂ ಇರಲಿಲ್ಲ.

ಹಾವು ಬುಟ್ಟಿಯ ತಳದಲ್ಲಿತ್ತು. ಮಂಕು ಕಣ್ಣಿಗೆ ಹೆಗ್ಗಣ ಯಾವ ಕಡೆಯಿಂದ ಬಂತೆಂಬುದೇ ಕಂಡಿರಲಿಲ್ಲ. ಬೆನ್ನಿನ ಮಾಂಸ ಕಿತ್ತುಹೋಗಿತ್ತು. ಎರಡು ಕಣ್ಣುಗಳ ರೆಪ್ಪೆಗಳೂ ಇರಲಿಲ್ಲ.

"ನಿನ್ನ ಮನಿ ಉಂಡಿತೇನು, ಯವ್ವಾ?" ಎಂದಿತು ಹಾವು.

"ಉಂಡಿತು," ಎಂದಳು ಹಂಪವ್ವ. ಬೀಸುವ ಕಲ್ಲನ್ನು ಮೂಲೆಗೆ ಸರಿಸಿದಳು. ಆಮೇಲೆ, "ನಿನ್ನ ಒಳ್ಳೇದಕ್ಕ ಮಾಡಿದ್ದು," ಎಂದಳು.

ಹಾವು ಅವಳು ಇನ್ನೊಂದು ಮಾತು ಆಡುತ್ತಾಳೇನೋ ಎಂದು ಕಾಯಿತು. ಅವಳು ಆಡಲಿಲ್ಲ. ಅವತ್ತಿಗೆ ಹಾವಿನ ಮಾತೂ ನಿಂತಿತು. ಉಸಿರಿನ ಬುಸ್ ಎಂಬ ಸದ್ದೊಂದೇ ಉಳಿಯಿತು. ತೆವಳುತ್ತ ಹೋಗಿ ಹೊಳೆದಂಡೆಯ ಕಲ್ಲುಸಂದಿಯಲ್ಲಿ ಸೇರಿಕೊಂಡಿತು. ಕಲ್ಲಿಗೆ ಮೂತಿ ಉಜ್ಜಿ ಉಜ್ಜಿ, ಗಾಯದ ಹಳೆಯ ಚರ್ಮವನ್ನು ಬಾಯಿಯ ಕಡೆಯಿಂದ ಕಳಚಿ ಬಿಟ್ಟಿತು. ಕಣ್ಣು ತಿಳಿಯಾಯಿತು. ರೆಪ್ಪೆ ಮತ್ತೆ ಬರಲಿಲ್ಲ.

ಈಗ ಹಾವಿಗೆ ನಿಜವಾಗಿಯೂ ಹಸಿವಾಗಿತ್ತು. ಬೇಟೆಯಾಡುವ ಶಕ್ತಿ ಇರಲಿಲ್ಲ. ಅದು ಅಲ್ಲೇ ಸಾಯುತ್ತಿತ್ತು. ಆದರೆ ತುಂಗಿ ಅದನ್ನು ಹುಡುಕಿಕೊಂಡು ಹೋದಳು. ಸತ್ತ ಇಲಿಯೊಂದನ್ನು ಬಿಸಿಲುಗಲ್ಲಿನ ಮೇಲಿಟ್ಟು ಬೆಚ್ಚಗೆ ಮಾಡಿದಳು. ಸಂಜೆಯಾಗುತ್ತಲೇ, ತಲೆ ಹಾವಿನ ಕಡೆಗೆ ಬರುವಂತೆ, ಉದ್ದನೆಯ ಕಡ್ಡಿಯಿಂದ ಸಂದಿಯ ಬಾಯಿಗೆ ಸರಿಸಿದಳು. ಕೈ ಚಾಚಲಿಲ್ಲ. ಕರೆಯಲಿಲ್ಲ. ತಿನ್ನು ಎನ್ನಲಿಲ್ಲ. ನೋಡುತ್ತ ನಿಲ್ಲದೆ ಮನೆಗೆ ಹೊರಟುಹೋದಳು.

ಬೆಳಗ್ಗೆ ಇಲಿ ಇರಲಿಲ್ಲ. ಹಾವಿನ ಹೊಟ್ಟೆ ಉಬ್ಬಿತ್ತು. ತುಂಗಿಗೆ ಅದನ್ನು ಸವರುವ ಆಸೆಯಾಯಿತು. "ಮುಟ್ಟಬ್ಯಾಡ ಕೂಸ. ಉಂಡದ್ದು ಇಳಿಲಿ," ಎಂದಿತು ಹೊಳೆ. ತುಂಗಿ ಮುಟ್ಟಲಿಲ್ಲ.

ಹಾವು ಬದುಕಿತು. ಆದರೆ ನಮ್ಮ ಮನೆಗೆ ತಿರುಗಿ ಬರಲಿಲ್ಲ.

ಆ ಮಳೆಗಾಲ ಕಳೆದು ಹಗೇವು ತೆರೆದಾಗ ಒಳಗೆ ಹೊಟ್ಟು ಮಾತ್ರ ಇತ್ತು. ಹೆಗ್ಗಣ ತನ್ನ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕೂರಿಸಿಕೊಂಡು ಉಂಡಿತ್ತು. ಆ ವರ್ಷ ಮೊದಲು ಹಂಪವ್ವನ ಅತ್ತೆ ಹೋದಳು. ಆಮೇಲೆ ಮೈದುನ ಹೋದ. ಸುಗ್ಗಿಗೆ ಸ್ವಲ್ಪ ಮೊದಲು ಹಂಪವ್ವನೂ ಹೋದಳು. ಸಾಯುವ ತನಕ ಅವಳು ತನ್ನ ಪಾಲಿನ ಕಾಳನ್ನೆಲ್ಲ ತುಂಗಿಯ ಎಲೆಗೇ ಹಾಕುತ್ತಿದ್ದಳು. ತಾನು ತುತ್ತು ಎತ್ತದೆ ಮಗಳಿಗೆ ಉಣಿಸಿದಳು. ಕಟ್ಟಳೆ ಮುರಿದದ್ದು ಆಗ. ತಡವಾಗಿತ್ತು. ಹಾವಿಗೆ ಆಡಬೇಕಾಗಿದ್ದ ಮಾತನ್ನು ಅವಳು ಕೊನೆಯವರೆಗೂ ಆಡಲಿಲ್ಲ. ಬದುಕಿದವರು ತುಂಗಿ, ಅವಳಪ್ಪ ಇಬ್ಬರೇ; ಮನೆತನ ಉಳಿದದ್ದು ತುಂಗಿಯಿಂದ.

ಆದ್ದರಿಂದಲೇ ಮಕ್ಕಳೇ, ಇಂದಿಗೂ ಹಾವಿನ ಕಣ್ಣಿಗೆ ರೆಪ್ಪೆಯಿಲ್ಲ. ಕಣ್ಣು ಹಾಲುಬಣ್ಣಕ್ಕೆ ತಿರುಗಿದಾಗ ಅದು ಉಣ್ಣುವುದನ್ನು ಬಿಟ್ಟು ಸಂದಿ ಸೇರುತ್ತದೆ. ಇಲಿಯನ್ನು ಹಿಡಿದರೆ, ಇಲಿಯ ಕಚ್ಚುವ ಹಲ್ಲಿರುವ ತಲೆಯ ಕಡೆಯಿಂದಲೇ ನುಂಗುತ್ತದೆ. ನೀವು ನೋಡುತ್ತ ನಿಂತರೆ ಬಾಯಿಗೆ ಬಂದದ್ದನ್ನೂ ಬಿಟ್ಟು ಹೊರಟುಹೋಗುತ್ತದೆ.

ಇವತ್ತು ಬೆಳಗ್ಗೆ ನಮ್ಮ ಹಿತ್ತಲಿನ ಕಲ್ಲುರಾಶಿಯಲ್ಲಿ ಒಂದು ಕೇರೆಹಾವು ಮಲಗಿತ್ತು. ಅದರ ಕಣ್ಣು ಬೆಳ್ಳಗಿತ್ತು. ಬೋನಿನಲ್ಲಿ ಸಿಕ್ಕ ಇಲಿಯನ್ನು ಜೀವಂತವಾಗಿ ಅದರ ಮೇಲೆ ಬಿಟ್ಟು, ತಿನ್ನು ತಿನ್ನು ಎಂದು ಚಪ್ಪಾಳೆ ತಟ್ಟಿದವರು ನೀವಿಬ್ಬರು. ಒಳ್ಳೆಯದಕ್ಕೇ ಮಾಡಿದೆವು ಎಂದು ನನಗೆ ಹೇಳಬೇಡಿ. ವಿಭಾ, ಅಮೋಘ, ಏಳಿ. ದೂರದಲ್ಲಿ ನಿಂತು, ಅದನ್ನು ಮುಟ್ಟದೆ, ಸ್ಪಷ್ಟವಾಗಿ ಕ್ಷಮೆ ಕೇಳಿ.