ಸ್ತುತಿಯ ಮಣಿಕಟ್ಟಿನ ಶಿಲುಬೆ

ಗದಗ ಸೀಮೆಯ ಒಂದು ಊರಿನಲ್ಲಿ ಸುವಾರ್ತಮ್ಮ ಎಂಬ ಹೆಂಗಸಿದ್ದಳು. ಊರಿನ ಕ್ರೈಸ್ತ ಸಭೆಯಲ್ಲಿ ಆಕೆಯ ಮಾತಿಗೆ ಎದುರು ಆಡುವವರು ಕಡಿಮೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುವಿನ ಭೋಜನದ ಭಾನುವಾರ ಬಂತೆಂದರೆ ಮೇಜಿಗೆ ಬಿಳಿ ಬಟ್ಟೆ ಹಾಸುವವಳು ಆಕೆ, ಬಟ್ಟಲು ಬೆಳಗುವವಳೂ ಆಕೆಯೇ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ತಮ್ಮನ ಮಗಳು ಸ್ತುತಿಗೆ ಅದೇ ಊರಿನ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಾಗ, ಹುಡುಗಿಯನ್ನು ತನ್ನ ಮನೆಗೇ ಕರೆಸಿಕೊಂಡಳು. ಸ್ತುತಿ ಸಭೆಯಲ್ಲಿ ಚೆನ್ನಾಗಿ ಹಾಡುತ್ತಿದ್ದಳು. ಅತ್ತೆ-ಸೊಸೆ ಹೊಂದಿಕೊಂಡೇ ಇದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದರು. ಸ್ತುತಿ ರೊಟ್ಟಿಗೆ ಕೈ ಚಾಚಿದಾಗ ಕುಪ್ಪಸದ ತೋಳು ಮೇಲೆ ಸರಿಯಿತು. ಬಲಗೈ ಮಣಿಕಟ್ಟಿನ ಮೇಲೆ, ಕಪ್ಪು ಶಾಯಿಯಲ್ಲಿ, ಬೆರಳುದ್ದದ ಒಂದು ಶಿಲುಬೆ. ಸುತ್ತ ಚರ್ಮ ಇನ್ನೂ ಕೆಂಪಗಿತ್ತು.

ಸುವಾರ್ತಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಏನಿದು?"

"ಟ್ಯಾಟೂ ಅತ್ತಿ. ಮೊನ್ನೆ ಹುಬ್ಬಳ್ಳಿಗೆ ಹೋಗಿದ್ನಲ್ಲ, ಆವಾಗ ಹಾಕಿಸ್ಕೊಂಡೆ."

"ಮೈಮ್ಯಾಲೆ ಗುರುತು ಕೊರಕೋಬಾರದು ಅಂತ ದೇವರ ವಾಕ್ಯದಾಗ ಇಲ್ಲೇನು? ನೀನ ಮಕ್ಕಳಿಗೆ ಸಂಡೇ ಸ್ಕೂಲಿನಾಗ ಹೇಳಿಕೊಡಾಕಿ."

ಸ್ತುತಿ ತಲೆ ತಗ್ಗಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಒಂದಿನ ಅಂಗಡಿಗೆ ಬಂದವರೊಬ್ರು ನನ್ನ ಕೊರಳಾಗಿನ ಶಿಲುಬಿ ನೋಡಿ, ನೀವು ಆ ಮಂದೀನಾ ಅಂತ ಮುಖ ಸಿಂಡರಿಸಿದ್ರು. ನಾ ಏನೂ ಅನ್ನಲಿಲ್ಲ ಅತ್ತಿ. ಸರ ತೆಗೆದು ಕುಪ್ಪಸದೊಳಗ ಹಾಕ್ಕೊಂಡೆ. ಮನಿಗೆ ಬಂದ ಮ್ಯಾಲೆ ಭಾಳ ನಾಚಿಕಿ ಬಂತು. ಸರ ಆದ್ರ ಒಳಗ ಹಾಕ್ಕೋಬಹುದು. ಇದನ್ನ ಹಂಗ ತೆಗೆದಿಡಾಕ ಬರೂದಿಲ್ಲ. ಯೇಸುವಿನ ಕೈಮ್ಯಾಲೂ ಮೊಳೆ ಹೊಡೆದ ಗುರುತು ಇದ್ದುವಲ್ಲ?"

ಸುವಾರ್ತಮ್ಮ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಬಾಯಿ ತಾನಾಗಿ ಆಡಿತು. "ಆ ಕೈ ಇಟ್ಕೊಂಡು ನಾಡಿದ್ದು ದೇವರ ಮೇಜಿನ ಹತ್ರ ಹ್ಯಾಂಗ ಬರ್ತಿ?"

ಸ್ತುತಿ ಊಟ ಬಿಟ್ಟು ಎದ್ದಳು. ಮರುದಿನ ಅಂಗಡಿಗೆ ಹೋದಳು, ಹಗಲೂಟಕ್ಕೆ ಬಂದಳು, ಹಸಿವಿಲ್ಲ ಎಂದು ಹಿತ್ತಿಲಿಗೆ ಹೋದಳು. ಸುವಾರ್ತಮ್ಮ ನಾಳೆಯ ಮೇಜಿನ ಬಟ್ಟೆಗೆ ಇಸ್ತ್ರಿ ಹಾಕುತ್ತ ಕೂತಿದ್ದಳು. ಕಿಟಕಿಯಿಂದ ಸುಣ್ಣ ಕಲಸಿದ ವಾಸನೆ ಬಂತು. ಈ ಹೊತ್ತಿನಲ್ಲಿ ಮನೆಗೆ ಸುಣ್ಣ ಬಳಿಯುವವರು ಯಾರೂ ಇರಲಿಲ್ಲ.

ಇಸ್ತ್ರಿ ಪೆಟ್ಟಿಗೆಯನ್ನು ಹಾಗೇ ಬಿಟ್ಟು ಓಡಿದಳು.

ಸ್ತುತಿ ಬಚ್ಚಲ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು. ಮಣಿಕಟ್ಟಿನ ಮೇಲೆ ಬಿಳಿ ಲೇಪ. ಹಲ್ಲು ಕಚ್ಚಿಕೊಂಡಿದ್ದಳು, ಕಣ್ಣಿಂದ ನೀರು ಸುರಿಯುತ್ತಿತ್ತು. ಸುವಾರ್ತಮ್ಮ ಆ ಕೈ ಹಿಡಿದು ನಲ್ಲಿಯ ಕೆಳಗೆ ಚಾಚಿ ನೀರು ಬಿಟ್ಟಳು. ಲೇಪ ಕರಗಿ ಹೋಯಿತು. ಕೆಳಗೆ ಚರ್ಮ ಬೊಬ್ಬೆ ಎದ್ದಿತ್ತು. ಹುಡುಗಿ ಕೈ ಎಳೆದುಕೊಳ್ಳಲು ನೋಡಿದರೂ ಬಿಡದೆ ಬಹಳ ಹೊತ್ತು ನೀರಿನಲ್ಲೇ ಹಿಡಿದಳು.

"ಯಾರು ಹೇಳಿದ್ರು ನಿನಗ ಇದನ್ನ?"

"ಅಂಗಡಿ ಹತ್ರ ಒಬ್ಬಾಕಿ ಹೇಳಿದ್ಲು. ಹಿಂದಿನವರು ಹಿಂಗ ತೆಗೀತಿದ್ರಂತ. ಮಷೀನಿನಾಗ ತೆಗೆಸಾಕ ತಿಂಗಳುಗಟ್ಟಲೆ ಹಿಡೀತೈತಿ. ಭಾನುವಾರ ನಾಳೇನ ಬಂತಲ್ಲ ಅತ್ತಿ."

ಸುವಾರ್ತಮ್ಮ ಸೊಸೆಯ ಪಕ್ಕದಲ್ಲೇ ಕೂತಳು. ತನ್ನ ರವಿಕೆಯ ಉದ್ದ ತೋಳನ್ನು ಮೊಣಕೈವರೆಗೂ ಮೇಲೆ ಸರಿಸಿದಳು.

ಆ ತೋಳನ್ನು ಸ್ತುತಿ ಎಂದೂ ನೋಡಿರಲಿಲ್ಲ. ಅರ್ಧ ತೋಳಿನಲ್ಲಿ ಹಸಿರು ಹಚ್ಚೆ ಇತ್ತು. ಒಂದು ದೇವಿಯ ಪಾದ, ಅದರ ಸುತ್ತ ಚುಕ್ಕಿಗಳ ಸಾಲು. ಉಳಿದರ್ಧದಲ್ಲಿ ಚರ್ಮ ಸುಕ್ಕುಗಟ್ಟಿ, ಮೇಣ ಕರಗಿ ಹೆಪ್ಪುಗಟ್ಟಿದ ಹಾಗೆ ಹೊಳೆಯುತ್ತಿತ್ತು.

"ಸಣ್ಣಾಕಿದ್ದಾಗ ನಮ್ಮವ್ವ ತೊಡಿಮ್ಯಾಲೆ ಕುಂಡ್ರಿಸ್ಕೊಂಡು ಹಾಕಿಸಿದ್ಲು," ಎಂದಳು ಸುವಾರ್ತಮ್ಮ. "ಸತ್ತಾಗ ಬೆಳ್ಳಿ ಬಂಗಾರ ಯಾವುದೂ ಬರೂದಿಲ್ಲ, ಇದೊಂದ ನಿನ್ನ ಜೋಡಿ ಬರ್ತೈತಿ ಅಂತಿದ್ಲು. ದೊಡ್ಡಾಕಿ ಆದ ಮ್ಯಾಲೆ ನಾನು, ನಿಮ್ಮ ಮಾವ, ನಿಮ್ಮಪ್ಪ ಯೇಸುವನ್ನ ನಂಬಿದ್ವಿ. ದೀಕ್ಷಾಸ್ನಾನ ಆತು, ಹೆಸರು ಬ್ಯಾರೆ ಆತು. ಮೊದಲನೇ ಸಲ ರೊಟ್ಟಿ ತಗೊಳ್ಳಾಕ ಸಾಲಿನಾಗ ನಿಂತಿದ್ದೆ. ಹಿಂದಿದ್ದಾಕಿ ನನ್ನ ತೋಳು ನೋಡಿ, ಈ ಕೈ ಇಟ್ಕೊಂಡು ದೇವರ ಮೇಜಿನ ಹತ್ರ ಹ್ಯಾಂಗ ಬರ್ತಿ ಅಂದ್ಲು. ಸಾಲು ಬಿಟ್ಟು ಮನಿಗೆ ಬಂದೆ. ಸುಣ್ಣ ಕಲಸಿ ಹಚ್ಕೊಂಡೆ. ತಿಂಗಳಾನುಗಟ್ಟಲೆ ಕೀವು. ಅದನ್ನ ಸುಟ್ಟ ದಿನ ನಮ್ಮವ್ವನ್ನೂ ಸುಟ್ಟಂಗಾತು ನೋಡು."

"ಮತ್ತ ನನಗ ಯಾಕ ಅದ ಮಾತು ಅಂದಿ?"

ಸುವಾರ್ತಮ್ಮ ಸೊಸೆಯ ಕೈಯನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದಳು.

"ಗೊತ್ತಿಲ್ಲವ್ವ. ಅಂದಾಕಿ ಮುಖ ಮರ್ತೇನಿ, ಮಾತು ಮರ್ತಿಲ್ಲ. ಇಷ್ಟು ವರ್ಷ ಒಳಗ ಇಟ್ಕೊಂಡಿದ್ದೆ ಕಾಣ್ತೈತಿ. ನಿನ್ನ ಕೈ ನೋಡಿದ ಕೂಡಲೆ ಹೊರಗ ಬಂತು."

ಸ್ತುತಿ ಒದ್ದೆ ಕೈಯಿಂದಲೇ ಅತ್ತೆಯ ತೋಳನ್ನು ಮೆಲ್ಲಗೆ ಮುಟ್ಟಿದಳು. "ನಾನೂ ಒಂದು ಹೇಳ್ತೀನಿ ಅತ್ತಿ. ದೇವರ ಸಲುವಾಗಿ ಹಾಕಿಸ್ಕೊಂಡಿದ್ದು ಖರೆ. ಆದ್ರ ಹಾಕಿಸ್ಕೊಂಡ ಮ್ಯಾಲೆ ಫೋಟೋ ತೆಗೆದು ಎಲ್ಲಾರಿಗೂ ಕಳಿಸಿದೆ. ಯಾರು ನೋಡಿದ್ರು, ಏನಂದ್ರು ಅಂತ ದಿನಾ ಫೋನ್ ಹಿಡ್ಕೊಂಡ ಕುಂತಿದ್ದೆ. ಪ್ರಾರ್ಥನಿ ಮಾಡೂದು ಮರ್ತಿದ್ದೆ."

"ನೀ ಮೊದಲ ಕೇಳಿದ್ರ ನಾ ಬ್ಯಾಡಂತಿದ್ದೆ. ಇವತ್ತೂ ಅದನ್ನ ಸರಿ ಅನ್ನೂದಿಲ್ಲ. ಆದ್ರ ಸುಡೂದು ಬ್ಯಾಡ. ಸಭೆಯಾಗ ಹಾಡೂದೂ ಬಿಡಬ್ಯಾಡ."

ಸಂಜೆ ಇಬ್ಬರೂ ಸಭಾಪಾಲಕರ ಮನೆಗೆ ಹೋದರು. ಸುವಾರ್ತಮ್ಮ ನಡೆದದ್ದನ್ನೆಲ್ಲ ಹೇಳಿ, "ಅಯ್ಯನವರ, ಇದು ಪಾಪ ಹೌದೋ ಅಲ್ಲೋ ಹೇಳಿಬಿಡ್ರಿ," ಎಂದಳು.

ಅಯ್ಯನವರು ವಯಸ್ಸಾದವರು. ಯೋಚನೆ ಮಾಡಿಯೇ ಮಾತಾಡುವವರು. "ಆ ಆಜ್ಞೆ ಹಿಂದಿನ ಕಾಲದ ಜನಕ್ಕೆ, ಅವರ ಸುತ್ತಲಿನ ವಿಗ್ರಹದ ಪದ್ಧತಿ ಬಿಡಿಸೋದಕ್ಕೆ ಕೊಟ್ಟದ್ದು ಅನ್ನುವವರಿದ್ದಾರೆ. ದೇಹ ದೇವರ ಆಲಯ, ಅದನ್ನ ಗೀಚಬಾರದು ಅನ್ನುವವರೂ ಇದ್ದಾರೆ. ಐಗುಪ್ತ, ಅಂದರೆ ಈಜಿಪ್ಟ್ ದೇಶದ ಕ್ರೈಸ್ತರು ಸಣ್ಣ ಮಕ್ಕಳ ಮಣಿಕಟ್ಟಿಗೇ ಶಿಲುಬೆ ಹಚ್ಚೆ ಹಾಕಿಸ್ತಾರೆ. ಬೇಡ ಅನ್ನುವವರೂ, ಹಾಕಿಸುವವರೂ ದೇವರಿಗೆ ಹೆದರುವವರೇ. ನನ್ನನ್ನ ಕೇಳಿದರೆ, ನಾನು ಹಾಕಿಸಿಕೊಳ್ಳೋದಿಲ್ಲ."

"ನಾಳೆ ಇಕಿ ಮೇಜಿನ ಹತ್ರ ಬರಬಹುದೇನ್ರಿ?"

"ಆ ಮೇಜು ನಂದಲ್ಲ ಸುವಾರ್ತಮ್ಮ. ನಾನೂ ದೇವರು ಕರೆದಿದ್ದಕ್ಕೇ ಬರೋನು."

ಭಾನುವಾರ ಚರ್ಚಿನ ಬಾಗಿಲಲ್ಲಿ ಸಭೆಯ ಹಿರಿಯರಾದ ಎಲೀಷಪ್ಪ ನಿಂತಿದ್ದರು. ಟ್ಯಾಟೂವಿನ ಸುದ್ದಿ ಫೋನಿನಲ್ಲಿ ಅವರವರೆಗೂ ಹೋಗಿತ್ತು. ಸ್ತುತಿಯ ಕೈಗೆ ಸುತ್ತಿದ್ದ ಪಟ್ಟಿ ನೋಡಿ, ನಾಲ್ಕು ಜನಕ್ಕೆ ಕೇಳುವಂತೆ ಅಂದರು: "ಕೈಗೇನಾತವ್ವ? ಹಾಕಿಸ್ಕೊಂಡದ್ದು ಕೀವಾತೇನು? ದೇವರು ಸುಮ್ನ ಬಿಡೂದಿಲ್ಲ ನೋಡು."

ಸ್ತುತಿ ಅತ್ತೆಯ ಮುಖ ನೋಡಿದಳು. ಆಮೇಲೆ ನೆಲ ನೋಡುತ್ತ, "ಬಿಸಿನೀರು ಬಿತ್ರಿ," ಎಂದಳು.

ಸುವಾರ್ತಮ್ಮ ಸುಮ್ಮನೆ ಒಳಗೆ ಹೋಗಿಬಿಡಬಹುದಿತ್ತು. ಇಷ್ಟು ವರ್ಷ ಸಂಪಾದಿಸಿದ ಮರ್ಯಾದೆ ಹಾಗೇ ಉಳಿಯುತ್ತಿತ್ತು. ಒಂದು ಹೆಜ್ಜೆ ಒಳಗೆ ಇಟ್ಟೂ ಇಟ್ಟಳು. ಆದರೆ ತಿರುಗಿ ನಿಂತಳು.

"ಬಿಸಿನೀರು ಅಲ್ರಿ ಎಲೀಷಪ್ಪನವರ, ದೇವರೂ ಅಲ್ಲ. ಅದು ನನ್ನ ಮಾತಿಗೆ ಸುಟ್ಟದ್ದು."

ಎಲೀಷಪ್ಪನವರು ದಾರಿ ಬಿಟ್ಟು ಸರಿದು ನಿಂತರು. ಸುವಾರ್ತಮ್ಮ ಸೊಸೆಯ ಸುಡದ ಕೈಯನ್ನು ಹಿಡಿದುಕೊಂಡಳು. ಇಬ್ಬರೂ ಒಳಗೆ ಹೋಗಿ ಒಂದೇ ಬೆಂಚಿನಲ್ಲಿ ಕೂತರು.

ನೀತಿ: ನಂಬಿಕೆಯ ಗುರುತನ್ನು ಮೈಮೇಲೆ ಬರೆಸಿಕೊಳ್ಳುವುದು, ಬಿಡುವುದು ಅವರವರ ಮನಸ್ಸಾಕ್ಷಿಗೆ ಸೇರಿದ್ದು. ಬರೆಸಿಕೊಂಡವರು ಅದನ್ನು ಜನ ನೋಡಲಿ ಎಂದು ಹೊತ್ತು ತಿರುಗಬಾರದು. ಬರೆಸಿಕೊಳ್ಳದವರು ಅದನ್ನು ನೋಡಿ ಒಬ್ಬರ ಭಕ್ತಿಯನ್ನು ತೂಗಬಾರದು. ಎಂದೋ ನಮ್ಮನ್ನು ಸುಟ್ಟ ಮಾತು ನಮ್ಮ ನಾಲಿಗೆಯ ತುದಿಗೆ ಬಂದಾಗ, ಅದನ್ನು ಅಲ್ಲೇ ತಡೆದು ನಿಲ್ಲಿಸುವುದು ದೊಡ್ಡ ಭಕ್ತಿ.