ಟ್ರೇ ಬಿಡದ ಐಸ್ ತುಂಡು

ನಂಬುವುದಾದರೆ ನಂಬಿ, ಇಲ್ಲವಾದರೆ ವಿಶಾಲಕ್ಕನ ಫ್ರಿಜ್ಜನ್ನೇ ಕೇಳಿ. ಅದರ ಟ್ರೇಯಲ್ಲಿ ಮಹಾ ಮೊಂಡು ಐಸ್ ತುಂಡೊಂದಿತ್ತು. ಪ್ರತಿ ಸಲವೂ ಜೊತೆಯವರು ಲೋಟಕ್ಕೆ ಬಿದ್ದರೆ, ಇದು ತನ್ನ ಮೂಲೆಗಳು ಸವೆದಾವೆಂದು ಟ್ರೇಯನ್ನೇ ಕಚ್ಚಿಕೊಳ್ಳುತ್ತಿತ್ತು. ಹೊಸಬರು ಬರುತ್ತಿದ್ದರು, ಗುರುತಾಗುವಷ್ಟರಲ್ಲಿ ಹೋಗುತ್ತಿದ್ದರು. ಒಂಟಿತನ ಅದಕ್ಕೆ ಸಾಕುಸಾಕಾಗಿತ್ತು.

ಒಂದು ಮಧ್ಯಾಹ್ನ ವಿಶಾಲಕ್ಕ ಟ್ರೇಯನ್ನು ಮಿಕ್ಸಿ ಜಾರಿನ ಪಕ್ಕದಲ್ಲಿಟ್ಟಳು. ಜಾರಿನಲ್ಲಿ ಶುಂಠಿ, ಏಲಕ್ಕಿ ಹಾಕಿ ಕುದಿಸಿ ಆರಿಸಿದ ಚಹಾ ಐಸಿಗಾಗಿ ಕಾಯುತ್ತಿತ್ತು.

"ಬನ್ನಿ ಸ್ವಾಮಿ, ಇಬ್ಬರೂ ಸೇರಿ ನೊರೆಯಾಗೋಣ," ಎಂದಿತು ಚಹಾ.

"ನನ್ನ ಮೂಲೆಗಳ ಗತಿ?"

"ಅವು ಉಳಿಯುವುದಿಲ್ಲ. ನನ್ನ ಬಿಸಿ ಉಳಿದಿದೆಯೇ? ನೀವು ಬಂದ ತಕ್ಷಣ ಕರಗಿಹೋಗಬಾರದೆಂದು ಬೆಳಗಿನಿಂದ ಆರುತ್ತಾ ಕೂತಿದ್ದೇನೆ."

ತನಗಾಗಿ ಯಾರೋ ಕಾದರೆಂದು ಐಸ್ ತುಂಡಿಗೆ ಒಳಗೆಲ್ಲ ಒಂಥರಾ ಆಯಿತು. ಅಷ್ಟರಲ್ಲಿ ವಿಶಾಲಕ್ಕ ಟ್ರೇಯನ್ನು ತಿರುಚಿ ಕುಟ್ಟಿದಳು. ಉಳಿದವರೆಲ್ಲ ಪಟಪಟನೆ ಜಾರಿಗೆ ಬಿದ್ದರು. ಇದು ಮಾತ್ರ ಹಳೆಯ ಅಭ್ಯಾಸದಿಂದ ಕಚ್ಚಿ ಹಿಡಿಯಿತು.

"ಅತ್ತಿಗೆ, ಒಂದು ಉಳೀತಲ್ಲ?" ಎಂದಳು ನಾದಿನಿ ನಾಗವೇಣಿ.

"ಇರಲಿ ಬಿಡೇ. ಒಂದು ಕಡಿಮೆಯಾದ್ರೆ ಚಹಾ ಏನು ಅಳುತ್ತಾ?"

ಟ್ರೇಗೆ ನೀರು ತುಂಬಿತು, ಫ್ರಿಜ್ಜಿನ ಬಾಗಿಲು ಬಿತ್ತು. "ಬಂದೆ, ಬಂದೆ!" ಎಂದು ಐಸ್ ತುಂಡು ಆಗ ಕೂಗಿತು. ಹೊರಗೆ ಮಿಕ್ಸಿ ಶುರುವಾಗಿತ್ತು.