ದೇವನಕ್ಕಿಯ ನಾಲ್ಕು ಮೊಟ್ಟೆ

ಕೆರೆಯ ತಾವರೆ ಎಲೆಯ ಮೇಲೆ ಗಂಡು ದೇವನಕ್ಕಿಯೊಂದು ನಾಲ್ಕು ಮೊಟ್ಟೆಗಳಿಗೆ ಕಾವು ಕೊಡುತ್ತಿತ್ತು. ಆ ಕುಲದಲ್ಲಿ ಮೊಟ್ಟೆಯಿಟ್ಟು ಹೋಗುವುದಷ್ಟೇ ಹೆಣ್ಣಿನ ಪಾಲು, ಸಾಕುವುದೆಲ್ಲ ಗಂಡಿನದು. ಪಕ್ಕದ ಜೊಂಡಿನಿಂದ ನಾಮಕೋಳಿಯೊಂದು ಇಣುಕಿ, “ಅಯ್ಯಾ, ನಿನ್ನ ಹೆಂಡತಿಗೆ ಈ ಕೆರೆಯಲ್ಲಿ ಮೂವರು ಗಂಡಂದಿರು. ಎಲ್ಲಕ್ಕಿಂತ ಕಪ್ಪಗಿರುವ ಆ ಮೊಟ್ಟೆಯಂತೂ ನಿನ್ನದಲ್ಲ” ಎಂದಿತು.

ಅಂದಿನಿಂದ ದೇವನಕ್ಕಿ ಆ ಮೊಟ್ಟೆಯನ್ನು ಎಲೆಯ ಅಂಚಿಗೆ ಸರಿಸಿ, ಉಳಿದ ಮೂರರ ಮೇಲೆ ಕೂರತೊಡಗಿತು.

ಮೂರನೆಯ ದಿನ ಮೇಲಿನ ಕೆರೆ ಕೋಡಿ ಬಿದ್ದು ಇಲ್ಲಿಯ ನೀರು ಏರಿತು. ಎಲೆ ಮುಳುಗತೊಡಗಿದಾಗ ದೇವನಕ್ಕಿ ಒಂದೊಂದೇ ಮೊಟ್ಟೆಯನ್ನು ಕೊಕ್ಕಿಗೂ ಎದೆಗೂ ನಡುವೆ ಅವುಚಿಕೊಂಡು ಎತ್ತರದ ಜೊಂಡಿನ ರಾಶಿಗೆ ಸಾಗಿಸಿತು. ನಾಲ್ಕೂ ಅಲ್ಲಿ ಸೇರಿದ ಮೇಲೆ ಏದುಸಿರು ಬಿಡುತ್ತ ನಿಂತಿತು.

ನಾಮಕೋಳಿಗೆ ಸುಮ್ಮನಿರಲಾಗಲಿಲ್ಲ. “ಅಲ್ಲಯ್ಯಾ, ಮೊದಲು ಆ ಕಪ್ಪು ಮೊಟ್ಟೆಯನ್ನೇ ಹೊತ್ತು ತಂದೆಯಲ್ಲ! ಅಷ್ಟರಲ್ಲಿ ನಿನ್ನವು ಮುಳುಗಿದ್ದರೆ?”

“ನೀರು ಮೊದಲು ಮುಟ್ಟಿದ್ದು ಅದನ್ನೇ” ಎಂದಿತು ದೇವನಕ್ಕಿ. “ಅದನ್ನು ಅಂಚಿಗೆ ತಳ್ಳಿದವನು ನಾನು.”

ತಣ್ಣಗಾಗಿದ್ದ ಆ ಮೊಟ್ಟೆಯನ್ನು ನಟ್ಟನಡುವೆ ಇಟ್ಟುಕೊಂಡು ಅದು ಮತ್ತೆ ಕಾವಿಗೆ ಕೂತಿತು.